ಚೂರು ಬಟ್ಟೆಯ ತೋರಣ



ಈ ಹೊತ್ತು ನಾನು ಹೇಳಬೇಕೆಂದಿರುವುದು ದೊಡ್ಡ ವಿಷಯವೇನಲ್ಲ. ಮನೆಯಲ್ಲಿ ಬಿಸಾಡುವ ಚೂರು ಬಟ್ಟೆ, ಮಿಕ್ಕ ನೂಲು, ಅಂಗಡಿಯಲ್ಲಿ ಸಿಗುವ ಒಂದೆರಡು ಹಾಳೆ ಫೆಲ್ಟ್, ಇಷ್ಟರಿಂದ ಬಾಗಿಲಿಗೊಂದು ತೋರಣ ಮಾಡಿಕೊಳ್ಳುವ ಬಗೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಸೂಜಿ ದಾರದ ಮಾತು ಏಕೆ ಎಂದು ನೀವು ಕೇಳಬಹುದು. ಕಂಪ್ಯೂಟರು ಬರುವ ಮುಂಚೆ ನಾವು ದಿನದ ವೋಚರುಗಳನ್ನೆಲ್ಲ ಒಟ್ಟುಮಾಡಿ, ಮೇಲೊಂದು ಕೆಳಗೊಂದು ರಟ್ಟು ಇಟ್ಟು, ದಬ್ಬಣದಿಂದ ಚುಚ್ಚಿ ಹುರಿಯಿಂದ ಹೊಲಿಯುತ್ತಿದ್ದೆವು. ಹೊಲಿಗೆ ಸಡಿಲವಾದರೆ ತಪಾಸಣೆಯ ದಿನ ಕಾಗದ ಉದುರುತ್ತಿತ್ತು. ಹಾಗಾಗಿ ಬಿಗಿಯಾದ ಗಂಟು ಹಾಕುವುದನ್ನು ನಾನು ಕಲಿತದ್ದು ಅಲ್ಲಿ. ಫೆಲ್ಟ್ ಎಂಬುದರ ಪರಿಚಯವೂ ಅಲ್ಲಿಯೇ ಆಯಿತು. ಮೊಹರಿಗೆ ಶಾಯಿ ಹಿಡಿಸುವ ಪ್ಯಾಡಿನೊಳಗೆ ಇರುತ್ತದಲ್ಲ, ಆ ದಪ್ಪ ಮೆತ್ತನೆಯ ಬಟ್ಟೆಯೇ ಫೆಲ್ಟ್.

ಆದರೆ ನೂಲಿನ ನಂಟು ಬ್ಯಾಂಕಿಗಿಂತ ಹಳೆಯದು. ನಮ್ಮದು ದೇವಾಂಗರ ಮನೆ. ಕೊಯಮತ್ತೂರು, ಈರೋಡು, ತಿರುಪ್ಪೂರು ಸೀಮೆಯಲ್ಲಿ ಕನ್ನಡ ಮಾತನಾಡುವ ನೇಕಾರ ಮನೆಗಳು ಎಷ್ಟೋ ಇವೆ. ಹೊರಗೆ ತಮಿಳು, ಒಳಗೆ ಕನ್ನಡ, ಪೂಜೆಗೆ ಚೌಡೇಶ್ವರಿ ಅಮ್ಮ. ಧಾರಾಪುರದ ನಮ್ಮ ಅಜ್ಜನ ಮನೆಯಲ್ಲಿ ಮಗ್ಗವಿತ್ತು. ಹಳೆಯ ಹಾಸು ಮುಗಿದು ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಗಂಟು ಹಾಕಿದ ಮೇಲೆ ಗೇಣುದ್ದದ ತುಂಡು ನೂಲು ಮಿಗುತ್ತಿತ್ತು. ಅದನ್ನು ಯಾರೂ ಬಿಸಾಡುತ್ತಿರಲಿಲ್ಲ. ದೀಪದ ಬತ್ತಿಗೆ ಸ್ವಲ್ಪ, ದಿಂಬಿನೊಳಗೆ ಸ್ವಲ್ಪ. ಬಣ್ಣದ ನೂಲಾದರೆ ಹೆಂಗಸರು ಕುಚ್ಚು ಕಟ್ಟಿ ದೇವರ ಮನೆಯ ಬಾಗಿಲಿಗೆ ತೂಗುಬಿಡುತ್ತಿದ್ದರು. ಅದು ಕಲೆ ಎಂದು ಅವರಾರೂ ಹೇಳಿಕೊಳ್ಳಲಿಲ್ಲ. ನೂಲನ್ನು ತುಳಿಯಬಾರದು, ಹಾಳುಮಾಡಬಾರದು ಎಂಬುದು ಮನೆಯ ರೂಢಿಯಾಗಿತ್ತು, ಅಷ್ಟೆ.

ಈಗ ಮಗ್ಗವಿಲ್ಲ. ಆದರೆ ಚೂರು ಬಟ್ಟೆಗೆ ನಮ್ಮಲ್ಲಿ ಬರವಿಲ್ಲ. ಬನಿಯನ್ನಿನ ಊರು ತಿರುಪ್ಪೂರು ಇಲ್ಲಿಂದ ಐವತ್ತು ಕಿಲೋಮೀಟರಿನಷ್ಟು ದೂರ. 2009ರಲ್ಲಿ ತಿರುಪ್ಪೂರು ಜಿಲ್ಲೆಯಾದಾಗ ನಮ್ಮ ಧಾರಾಪುರವೂ ಈರೋಡು ಜಿಲ್ಲೆಯಿಂದ ಅದಕ್ಕೆ ಸೇರಿತು. ಅಲ್ಲಿ ಬನಿಯನ್ನು, ಟೀ ಶರ್ಟು ಕತ್ತರಿಸಿದಾಗ ಉಳಿಯುವ ಚೂರಿಗೆ ಕಟ್ಟಿಂಗ್ ವೇಸ್ಟ್ ಎನ್ನುತ್ತಾರೆ. ಒಂದಷ್ಟು ವರ್ಕ್‌ಶಾಪುಗಳಿಗೆ ಎಣ್ಣೆ ಒರೆಸಲು ಹೋಗುತ್ತದೆ. ಒಂದಷ್ಟನ್ನು ಮಿಲ್ಲುಗಳಲ್ಲಿ ಹಿಂಜಿ ಮತ್ತೆ ನೂಲು ಮಾಡುತ್ತಾರೆ. ನಮ್ಮ ತೋರಣಕ್ಕೆ ಅದರಲ್ಲಿ ಒಂದು ಹಿಡಿ ಸಾಕು. ಅದೂ ಸಿಗದಿದ್ದರೆ ಮನೆಯ ಹಳೆಯ ಬನಿಯನ್ನು ಇದ್ದೇ ಇದೆ.

ಮೊದಲು ಬಟ್ಟೆಗಳ ಗುಣ ತಿಳಿದುಕೊಳ್ಳಬೇಕು. ಸೀರೆ, ಪಂಚೆ ನೇಯ್ದ ಬಟ್ಟೆ. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಕತ್ತರಿಸಿದರೆ ಅಂಚಿನಿಂದ ಎಳೆ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಅಂಚು ಮಡಿಸಿ ಹೊಲಿಯಬೇಕು. ಬನಿಯನ್ ಬಟ್ಟೆ ಹೆಣೆದದ್ದು, ಕುಣಿಕೆಯೊಳಗೆ ಕುಣಿಕೆ. ಅದನ್ನು ಅಡ್ಡಡ್ಡಲಾಗಿ ಒಂದಂಗುಲ ಅಗಲದ ಪಟ್ಟಿ ಕತ್ತರಿಸಿ ಎರಡೂ ಕೊನೆ ಹಿಡಿದು ಎಳೆದು ನೋಡಿ. ಅಂಚು ತಾನಾಗಿ ಒಳಕ್ಕೆ ಸುರುಳಿ ಸುತ್ತಿಕೊಂಡು ದುಂಡನೆಯ ಹಗ್ಗವಾಗುತ್ತದೆ. ಮಕ್ಕಳಿಗೆ ಇದನ್ನು ತೋರಿಸಿದರೆ ಮ್ಯಾಜಿಕ್ ನೋಡಿದಷ್ಟು ಸಂತೋಷಪಡುತ್ತಾರೆ.

ಇನ್ನು ಫೆಲ್ಟ್. ಅದು ನೇಯ್ದದ್ದೂ ಅಲ್ಲ, ಹೆಣೆದದ್ದೂ ಅಲ್ಲ. ಕುರಿಯ ಉಣ್ಣೆಯ ಒಂದೊಂದು ಎಳೆಯ ಮೇಲೂ ಬರಿಗಣ್ಣಿಗೆ ಕಾಣದಂಥ ಸಣ್ಣ ಹುರುಪೆಗಳಿರುತ್ತವೆ. ಉಣ್ಣೆಯನ್ನು ಹರವಿ, ಬಿಸಿನೀರು ಸೋಪು ಹಾಕಿ ಉಜ್ಜಿದರೆ ಆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿ ಹಾಳೆಯಾಗುತ್ತದೆ. ನಮ್ಮ ಕುರುಬರ ಕಂಬಳಿ ಹಾಗಲ್ಲ. ಅದರಲ್ಲಿ ಉಣ್ಣೆಯನ್ನು ನೂತು, ಹಾಸಿನ ಎಳೆಗಳಿಗೆ ಹುಣಿಸೆ ಬೀಜದ ಅಂಟು ಬಳಿದು, ಮಗ್ಗದಲ್ಲಿ ನೇಯುತ್ತಾರೆ. ಫೆಲ್ಟಿನಲ್ಲಿ ಎಳೆ ಬಿಚ್ಚಿಕೊಳ್ಳುವ ಮಾತೇ ಇಲ್ಲ. ಕತ್ತರಿಸಿದ ಹಾಗೆಯೇ ನಿಲ್ಲುತ್ತದೆ. ಹೊಲಿಗೆ ಬಾರದವರಿಗೂ ಚಿಕ್ಕ ಮಕ್ಕಳಿಗೂ ಅದಕ್ಕಿಂತ ಸುಲಭವಾದದ್ದು ಬೇರೊಂದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಈಗ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಫೆಲ್ಟ್ ಬಹುಮಟ್ಟಿಗೆ ಉಣ್ಣೆಯದಲ್ಲ, ಪಾಲಿಯೆಸ್ಟರಿನದು. ಉಲ್ಲನ್ ಎಂದು ಕೊಡುವ ನೂಲೂ ಹೆಚ್ಚಾಗಿ ಅಕ್ರಿಲಿಕ್. ಪರೀಕ್ಷೆ ಮಾಡಬೇಕಾದರೆ ದೊಡ್ಡವರೊಬ್ಬರು ಒಂದೇ ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟುಕೊಂಡು ಸುಟ್ಟು ನೋಡಲಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದಿ ಹಗುರ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರು, ಅಕ್ರಿಲಿಕ್ ಆದರೆ ಕರಗಿ ಗಟ್ಟಿಯಾದ ಮಣಿಯಂತಾಗುತ್ತದೆ. ಉರಿಯುತ್ತಾ ಕರಗಿ ತೊಟ್ಟಿಕ್ಕಿದರೆ ಮೈಗೆ ಅಂಟಿಕೊಂಡು ಸುಡುತ್ತದೆ. ಆದ್ದರಿಂದ ಇಂಥ ಅಲಂಕಾರವನ್ನು ದೇವರ ದೀಪದ ಹತ್ತಿರ, ಒಲೆಯ ಹತ್ತಿರ ಕಟ್ಟಲೇಬಾರದು. ಹತ್ತಿ ಬಟ್ಟೆಗೂ ಬೆಂಕಿ ಹತ್ತುತ್ತದೆ. ದೀಪದಿಂದ ದೂರವೇ ಒಳ್ಳೆಯದು.

ಈಗ ತೋರಣ. ಮೂರು ಅಡಿ ಅಗಲದ ಬಾಗಿಲು ಎಂದು ಇಟ್ಟುಕೊಳ್ಳೋಣ, ಅಂದರೆ ಮೂವತ್ತಾರು ಅಂಗುಲ. ಮೂರು ಅಂಗುಲಕ್ಕೊಂದು ಎಲೆ ಕಟ್ಟಿ ಎರಡು ಕೊನೆಯನ್ನು ಖಾಲಿ ಬಿಟ್ಟರೆ ಸರಿಯಾಗಿ ಹನ್ನೊಂದು ಎಲೆ ಬೇಕು. ಹಳೆಯ ಮದುವೆ ಕಾಗದದ ದಪ್ಪ ಹಾಳೆಯಲ್ಲಿ ಐದಂಗುಲ ಉದ್ದ, ಎರಡಂಗುಲ ಅಗಲದ ಮಾವಿನ ಎಲೆಯ ಆಕಾರ ಕತ್ತರಿಸಿಕೊಳ್ಳಿ. ಅದನ್ನು ಹಸಿರು ಫೆಲ್ಟಿನ ಮೇಲಿಟ್ಟು, ಸೋಪಿನ ತುಂಡಿನಿಂದ ಗೆರೆ ಎಳೆದು ಕತ್ತರಿಸಿ. ನಡುವೆ ಹಳದಿ ದಾರದಲ್ಲಿ ಒಂದು ಓಟದ ಹೊಲಿಗೆ ಹಾಕಿದರೆ ಎಲೆಯ ನರವಾಯಿತು.

ಫೆಲ್ಟ್ ಬೇಡ, ಹಳೆಯ ಹತ್ತಿ ಸೀರೆಯಿಂದಲೇ ಮಾಡುತ್ತೇವೆ ಎನ್ನುವವರು ಬಟ್ಟೆಗೆ ಮೊದಲು ಗಟ್ಟಿ ಅನ್ನದ ಗಂಜಿ ಹಾಕಿ, ಒಣಗಿಸಿ, ಇಸ್ತ್ರಿ ಮಾಡಲಿ. ಮಗ್ಗದ ಹಾಸಿಗೆ ಗಂಜಿ ಹಚ್ಚುತ್ತಿದ್ದುದೂ ಇದೇ ಕಾರಣಕ್ಕೆ, ಎಳೆ ಎಳೆ ಬಿಗಿಯಾಗಿ ನಿಲ್ಲಲಿ ಎಂದು. ಆಮೇಲೆ ಎರಡು ಪದರ ಒಳಮೈ ಹೊರಗೆ ಮಾಡಿ, ಸುತ್ತ ಹೊಲಿದು, ತೊಟ್ಟಿನ ಕಡೆಯಿಂದ ತಿರುವಿಹಾಕಿ. ಗಾಢ ಕೆಂಪು, ನೀಲಿ ಬಟ್ಟೆಯಾದರೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಬಿಡುವವರೆಗೂ ಒಗೆದು ಆಮೇಲೆ ಉಪಯೋಗಿಸಿ.

ಎಲೆಗಳ ನಡುವೆ ಕುಚ್ಚು. ಮೂರು ಅಂಗುಲದ ರಟ್ಟಿಗೆ ನೂಲನ್ನು ನಲವತ್ತು ಸುತ್ತು ಸುತ್ತಿ, ಮೇಲ್ತುದಿಯಲ್ಲಿ ಗಂಟು ಬಿಗಿದು, ಕೆಳತುದಿ ಕತ್ತರಿಸಿ, ಮೇಲಿನಿಂದ ಅರ್ಧ ಅಂಗುಲ ಬಿಟ್ಟು ಕುತ್ತಿಗೆ ಸುತ್ತಿ ಕಟ್ಟಬೇಕು. ಒಂದು ಸುತ್ತಿಗೆ ಆರು ಅಂಗುಲ, ನಲವತ್ತು ಸುತ್ತಿಗೆ ಇಪ್ಪತ್ತು ಅಡಿ. ಹತ್ತು ಕುಚ್ಚಿಗೆ ಇನ್ನೂರು ಅಡಿ, ಕಟ್ಟುವ ದಾರ ಬೇರೆ. ಗುಮಾಸ್ತಿಕೆಯ ಲೆಕ್ಕ ಎಂದು ನಗಬೇಡಿ. ನೂಲು ನಡುವೆ ಸಾಲದೇ ಬಂದರೆ ಅದೇ ಬಣ್ಣ ಮತ್ತೆ ಸಿಗುವುದು ಕಷ್ಟ.

ಇವನ್ನೆಲ್ಲ ಕಟ್ಟುವ ಹಗ್ಗಕ್ಕೆ ಬನಿಯನ್ ಪಟ್ಟಿ ಮೂರನ್ನು ಜಡೆ ಹೆಣೆಯಿರಿ. ಹೆಣೆದರೆ ಉದ್ದ ಕಡಿಮೆಯಾಗುವುದರಿಂದ ಮೂರು ಅಡಿಗೆ ನಾಲ್ಕೂವರೆ ಅಡಿ ಪಟ್ಟಿ ತೆಗೆದುಕೊಳ್ಳಿ. ಆದರೆ ಬನಿಯನ್ ಬಟ್ಟೆ ಎಳೆದರೆ ಹಿಗ್ಗುತ್ತದೆ. ಬರೀ ಅದರಲ್ಲಿಯೇ ಕಟ್ಟಿದರೆ ಭಾರಕ್ಕೆ ನಡುವೆ ಜೋತುಬೀಳುತ್ತದೆ. ಒಂದು ಗಟ್ಟಿ ಹತ್ತಿ ಹುರಿಯನ್ನು ದಬ್ಬಣದಿಂದ ಜಡೆಯ ಒಳಗೆ ಕೊನೆಯಿಂದ ಕೊನೆಗೆ ಪೋಣಿಸಿ ಎರಡು ಕಡೆಯೂ ಬಿಗಿಯಿರಿ. ವರ್ಷಗಟ್ಟಲೆ ನೆಟ್ಟಗೆ ನಿಲ್ಲುತ್ತದೆ. ಕೊಳೆಯಾದರೆ ಬಿಚ್ಚಿ, ತಣ್ಣೀರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಬಹುದು. ಪ್ಲಾಸ್ಟಿಕ್ ತೋರಣ ಬಿಸಿಲಿಗೆ ಬಣ್ಣ ಹೋಗಿ ಚೂರುಚೂರಾಗಿ ಉದುರುವುದನ್ನು ನೀವು ನೋಡಿದ್ದೀರಿ.

ಹಬ್ಬದ ದಿನ ಹಸಿ ಮಾವಿನೆಲೆಯನ್ನೇ ಕಟ್ಟಬೇಕು. ಅದರಲ್ಲಿ ಎರಡು ಮಾತಿಲ್ಲ. ಬಟ್ಟೆಯ ತೋರಣ ಉಳಿದ ದಿನಗಳಿಗೆ.

ಇಂಥ ಕೆಲಸಕ್ಕೆ ಬೆಲೆ ಇದೆಯೇ ಎಂದು ಕೇಳುವವರಿಗೆ ಎರಡು ಉದಾಹರಣೆ ಹೇಳುತ್ತೇನೆ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ಚೂರುಗಳನ್ನು ಸೇರಿಸಿ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂವು ಇಡುತ್ತಾರೆ. ಮೂಲತಃ ಹೊದೆಯಲು ಮಾಡಿದ ಆ ಕೌದಿಗಳನ್ನು ಈಗ ದೇಶವಿದೇಶಗಳಲ್ಲಿ ಚಿತ್ರದಂತೆ ಗೋಡೆಗೆ ತೂಗುಹಾಕಿ ಪ್ರದರ್ಶಿಸುತ್ತಾರೆ. ಇನ್ನು ಬಳ್ಳಾರಿ ಸೀಮೆಯ ಸಂಡೂರಿನ ಲಂಬಾಣಿ ಕಸೂತಿ. ಚೂರು ಬಟ್ಟೆ, ಕನ್ನಡಿ, ಕವಡೆ, ಬಣ್ಣದ ಕುಚ್ಚು ಸೇರಿದ ಆ ಹೊಲಿಗೆಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರ ಜುಲೈಯಲ್ಲಿ ಹಂಪೆಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು.

ಆದರೆ ನಮ್ಮ ನಿಮ್ಮ ಮನೆಗೆ ದಾಖಲೆ ಬೇಕಿಲ್ಲ. ಬೇರೆ ಒಂದು ಲಾಭವಿದೆ. ಅದನ್ನು ಹೇಳುತ್ತೇನೆ.

ನಮ್ಮವ್ವ ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಹನ್ನೊಂದು ಸೀರೆ ಉಳಿದವು. ಏಳೆಂಟು ವರ್ಷ ಯಾರೂ ಮುಟ್ಟಲಿಲ್ಲ. ಒಂದು ಪೊಂಗಲಿಗೆ ಅಕ್ಕ ಬಂದಿದ್ದಾಗ ತೆಗೆದು ಹರವಿದೆವು. ಎರಡು ರೇಷ್ಮೆ ಸೀರೆ ಮಡಿಕೆ ಮಡಿಕೆಗೂ ಸೀಳಿತ್ತು. ರೇಷ್ಮೆಯನ್ನು ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಹಾಗೆಯೇ ಆಗುವುದು. ಜರಿ ಅಂಚು ಮಾತ್ರ ಗಟ್ಟಿಯಾಗಿತ್ತು. ಅಂಚಿನಿಂದ ತೋರಣ ಮಾಡೋಣ ಎಂದೆ. "ಅವ್ವನ ಮೈಮೇಲಿದ್ದದ್ದಕ್ಕೆ ಕತ್ತರಿ ಹಾಕುವೆಯಾ?" ಎಂದು ಅಕ್ಕ ಕಣ್ಣೊರೆಸಿಕೊಂಡಳು. ನಾನು, "ಪೆಟ್ಟಿಗೆಯಲ್ಲಿದ್ದರೆ ಅದೂ ಹರಿಯುತ್ತದಕ್ಕ. ಬಾಗಿಲಲ್ಲಿದ್ದರೆ ದಿನಾ ನೋಡಬಹುದು" ಎಂದೆ. ಉಡಲು ಬರುವ ಒಂಬತ್ತನ್ನು ಹೆಣ್ಣುಮಕ್ಕಳು, ಸೊಸೆಯರು ಹಂಚಿಕೊಳ್ಳಲಿ, ಸೀಳಿದ ಎರಡಕ್ಕೆ ಮಾತ್ರ ಕತ್ತರಿ ಎಂದು ತೀರ್ಮಾನವಾಯಿತು. ಮೊದಲ ಕತ್ತರಿ ಅಕ್ಕನೇ ಹಾಕಿದಳು. ಒಂದು ತೋರಣ ಅವಳ ಮನೆಗೆ, ಒಂದು ನಮ್ಮ ಮನೆಗೆ.

ಅದನ್ನು ಹೊಲಿಯುವಾಗ ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು, "ತಾತ, ಸೆರಗು ಅಂದ್ರೆ ಏನು?" ಎಂದು ಕೇಳಿದಳು. ಓದುವುದು ಇಂಗ್ಲಿಷ್, ಆಟ ತಮಿಳು. ಅವಳಿಗೆ ಗೊತ್ತಿದ್ದದ್ದು ಮುಂದಾನೈ. ಮನೆಯಲ್ಲಿ ನಾವು ಅವಳೊಡನೆ ಆಡುವ ಕನ್ನಡವೆಂದರೆ ಉಣ್ಣು, ಮಲಗು, ಬಾ, ಹೋಗು, ಬೈಗುಳ, ಇಷ್ಟೇ. ಆ ಸಂಜೆ ಅವಳು ಸೆರಗು ಕಲಿತಳು, ಅಂಚು ಕಲಿತಳು, ಎಳೆ, ಹುರಿ, ಮಡಿಕೆ, ಕುಣಿಕೆ, ಕುಚ್ಚು ಕಲಿತಳು. ನಾವು ಹಾಸು ಎನ್ನುವುದನ್ನು ತಮಿಳಿನಲ್ಲಿ ಪಾವು ಎನ್ನುತ್ತಾರೆ, ಹೊಕ್ಕನ್ನು ಊಡೈ ಎನ್ನುತ್ತಾರೆ ಎಂದಾಗ ಎರಡನ್ನೂ ಬರೆದುಕೊಂಡಳು. ಪಾಠ ಎಂದು ಕೂರಿಸಿ ಹೇಳಿದ್ದರೆ ಎದ್ದು ಓಡುತ್ತಿದ್ದಳು.

ಶ್ರೋತೃಗಳೇ, ನಮ್ಮಂಥವರ ಮನೆಗಳಲ್ಲಿ ಕನ್ನಡ ಉಳಿದುಬಂದದ್ದು ಶಾಲೆಯಿಂದಲ್ಲ. ನಾನೂ ಎಸ್.ಎಸ್.ಎಲ್.ಸಿ. ಓದಿದ್ದು ತಮಿಳಿನಲ್ಲಿ. ಕನ್ನಡದ ಅಕ್ಷರ ಕಲಿತದ್ದು ರಜೆಗೆ ಹೋದಾಗ ಕೊಳ್ಳೇಗಾಲದ ಸೋದರಮಾವನಿಂದ. 1956ರಲ್ಲಿ ರಾಜ್ಯಗಳು ಬೇರೆಯಾಗುವವರೆಗೆ ಕೊಳ್ಳೇಗಾಲವೂ ನಮ್ಮ ಕೊಯಮತ್ತೂರು ಜಿಲ್ಲೆಯಲ್ಲಿಯೇ ಇತ್ತು. ನಮ್ಮ ಮಾತು ಉಳಿದದ್ದು ಮಗ್ಗದ ಸುತ್ತ, ರಾಟೆಯ ಸುತ್ತ, ಲಾಳಿ ಕಂಡಿಕೆಗಳ ಜೊತೆ. ಕೈಗೆ ಕೆಲಸವಿದ್ದಾಗ ಬಾಯಿಗೆ ಮಾತು ಬೇಕಾಗುತ್ತಿತ್ತು. ಮಗ್ಗ ಹೋದಾಗ ಮಾತೂ ಒಂದೊಂದಾಗಿ ಹೋಗುತ್ತಿದೆ. ಮಗ್ಗವನ್ನು ನಾನು ವಾಪಸು ತರಲಾರೆ. ಆದರೆ ಭಾನುವಾರ ಒಂದು ಗಂಟೆ ಮಕ್ಕಳನ್ನು ಕೂರಿಸಿಕೊಂಡು ಒಂದು ಎಲೆ, ಒಂದು ಕುಚ್ಚು ಮಾಡಬಲ್ಲೆ. ನೀವೂ ಮಾಡಬಲ್ಲಿರಿ. ಕತ್ತರಿಯನ್ನು ಕೇಳುವುದು, ದಾರ ಪೋಣಿಸು ಎನ್ನುವುದು, ಗಂಟು ಬಿಗಿಯಾಯಿತೇ ಎಂದು ವಿಚಾರಿಸುವುದು, ಎಲ್ಲವೂ ನಮ್ಮ ಮಾತಿನಲ್ಲಿಯೇ ಇರಲಿ.

ಬರುವ ಭಾನುವಾರಕ್ಕೆ ಹನ್ನೊಂದೇ ಆಗಬೇಕೆಂದಿಲ್ಲ. ಮೂರು ಎಲೆ ಸಾಕು. ಕಿಟಕಿಗೆ ಕಟ್ಟಿ. ಮಕ್ಕಳು ಉಳಿದದ್ದನ್ನು ತಾವೇ ಕೇಳಿ ಮಾಡಿಸುತ್ತಾರೆ.