ಗೇಟು ಮುಚ್ಚೋ ಮೊದಲು

ಚಾಮರಾಜನಗರದಲ್ಲಿ ಬಿ.ಕಾಂ ಓದುವಾಗ ಗುಂಡ್ಲುಪೇಟೆಯ ಒಂದು ಹೋಟೆಲ್‌ನಲ್ಲಿ ಸಪ್ಲೈಯರ್ ಆಗಿದ್ದೆ. ಬಂಡೀಪುರ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳಿಗೆ ಬಂದ್. ಹಾಗಾಗಿ ಊಟಿ, ವಯನಾಡಿಗೆ ಹೋಗೋರೆಲ್ಲ ಏಳು ಗಂಟೆಗೇ ಮುಗಿಬೀಳೋರು. ಆಗ ದೋಸೆ ಭಟ್ರು ಗಿರಾಕಿಗಳ ಮುಂದೆಯೇ ‘ಲೇ ದಂಡಪಿಂಡ’ ಅಂತ ಬೈಯೋರು. ನಾನೂ ತಿರುಗಿ ಕೂಗಿದೆ. ದೋಸೆ ಇನ್ನೂ ತಡವಾಯ್ತು, ಅಷ್ಟೇ.

ಒಂದು ಬೆಳಿಗ್ಗೆ, ಜನ ಇಲ್ಲದಾಗ, ಟೀ ಕೊಟ್ಟು ಹೇಳಿದೆ: ‘ಭಟ್ರೇ, ತಪ್ಪಿದ್ರೆ ಹೇಳಿ, ತಿದ್ಕೋತೀನಿ. ಬೈಗುಳ ಬೇಡ.’

‘ಹತ್ತು ಆರ್ಡರ್ ಒಟ್ಟಿಗೆ ಕೂಗ್ತೀಯ, ನಂಗೆಷ್ಟು ಕಿವಿ?’ ಅಂದ್ರು.

ಅವತ್ತಿಂದ ಚೀಟಿ ಬರೆದು ಕೊಟ್ಟೆ. ಬೈಗುಳ ಪೂರ್ತಿ ನಿಲ್ಲಲಿಲ್ಲ, ಕಮ್ಮಿಯಾಯ್ತು.

ರಶ್‌ನಲ್ಲಿ ಜಗಳ ಬೇಡ, ಆಮೇಲೆ ಮಾತಾಡಿ. ಆದ್ರೆ ಜಾತಿ ಎತ್ತಿದ್ರೆ, ಕೈ ಮಾಡಿದ್ರೆ ಮಾತ್ರ ಸಹಿಸ್ಬೇಡಿ. ಅವತ್ತೇ ಮಾಲೀಕರಿಗೆ ಹೇಳಿ.