ರೇಖೆ ಕಲಿಯಲು ಕುಣಿತ ಕಲಿತ ಡ್ರಾಯಿಂಗ್ ಮೇಷ್ಟ್ರು



ಡ್ರಾಯಿಂಗ್ ಮೇಷ್ಟ್ರು ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ವಾರಕ್ಕೆ ಒಂದೋ ಎರಡೋ ಪೀರಿಯಡ್ಡು. ಪರೀಕ್ಷೆ ಹತ್ತಿರ ಬಂತೆಂದರೆ ಅದನ್ನೂ ಗಣಿತದ ಮೇಷ್ಟ್ರು ಕಿತ್ತುಕೊಳ್ಳುತ್ತಾರೆ. ಬೋರ್ಡಿನ ಮೇಲೊಂದು ಹೂಜಿ, ಪಕ್ಕದಲ್ಲೊಂದು ಮಾವಿನಹಣ್ಣು, ಒಂದು ಬದಿಗೆ ನೆರಳು. ಯಲಹಂಕದ ಶಾಲೆಯಾದರೂ ಅಷ್ಟೇ, ಆರ್.ಟಿ. ನಗರದ ಶಾಲೆಯಾದರೂ ಅಷ್ಟೇ. ಇದ್ದದ್ದನ್ನು ಇದ್ದ ಹಾಗೆ ಬರೆಯುವ ಈ ಪಾಠವನ್ನು ಚೆನ್ನಾಗಿ ಕಲಿತು, ಇತರರಿಗೂ ಕಲಿಸಿ, ಕೊನೆಗೆ ಅದರ ಹಿಡಿತದಿಂದ ಬಿಡಿಸಿಕೊಳ್ಳಲು ಹೆಣಗಿದ ಒಬ್ಬ ಕನ್ನಡಿಗ ಚಿತ್ರಕಾರರ ಕಥೆ ಇದು. ಅವರು ಕೆ.ಕೆ. ಹೆಬ್ಬಾರ್. ಹೆಸರು ಕೇಳಿ ಹೆಬ್ಬಾಳದವರು ತಮ್ಮೂರಿನವರೇ ಎಂದುಕೊಳ್ಳಬೇಡಿ!

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ. ತಂದೆ ಚೌತಿಗೆ ಮಣ್ಣಿನ ಗಣಪತಿ ಮಾಡುತ್ತಿದ್ದರು. ಕೆಸರುಮಣ್ಣು ಕೈಯಲ್ಲಿ ರೂಪ ತಳೆಯುವುದನ್ನು ನೋಡುತ್ತ ಬೆಳೆದ ಹುಡುಗನಿಗೆ ಅದೇ ಮೊದಲ ಶಾಲೆ. ಇನ್ನೊಂದು ಪಾಠ ಗೋಡೆಯ ಮೇಲಿನದು, ಅಂದಿನ ಮನೆಮನೆಗಳಲ್ಲಿ ತೂಗುತ್ತಿದ್ದ ರವಿವರ್ಮನ ಅಚ್ಚಿನ ಚಿತ್ರಗಳದು. ಚಿತ್ರವೆಂದರೆ ಹೀಗಿರಬೇಕು ಎಂದು ಒಂದು ತಲೆಮಾರಿಗೆ ಹೇಳಿಕೊಟ್ಟವು ಅವೇ.

ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಶಾಲೆಯಲ್ಲಿ ಸ್ವಲ್ಪ ಕಾಲ ಕಲಿತು ಅವರು ಮುಂಬಯಿಗೆ ಹೋದರು. ಅಲ್ಲಿನ ಜೆ.ಜೆ. ಕಲಾಶಾಲೆಯಿಂದ 1938ರಲ್ಲಿ ಡಿಪ್ಲೊಮಾ ಬಂತು. ಈ ಶಾಲೆ 1857ರಲ್ಲಿ ಶುರುವಾದದ್ದು. ಬ್ರಿಟಿಷರು ರೂಪಿಸಿದ ಪಾಠಕ್ರಮ. ಗ್ರೀಕ್ ಮೂರ್ತಿಗಳ ಪ್ಲಾಸ್ಟರ್ ಅಚ್ಚುಗಳನ್ನು ಎದುರಿಗಿಟ್ಟುಕೊಂಡು ಪ್ರಮಾಣ, ಬೆಳಕು, ನೆರಳು ತಪ್ಪದಂತೆ ಬರೆಯುವುದು ಅಲ್ಲಿನ ಮೂಲಪಾಠ. ಹೂಜಿಯ ವಂಶಾವಳಿಯೂ ಅಂಥ ಶಾಲೆಗಳಿಂದಲೇ ಬಂದದ್ದು. ಹೆಬ್ಬಾರರ ಕೈ ಅದರಲ್ಲಿ ಪಳಗಿತು. 1940ರಿಂದ 1945ರವರೆಗೆ ಅದೇ ಶಾಲೆಯಲ್ಲಿ ಅವರು ಅಧ್ಯಾಪಕರೂ ಆದರು.

ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಭಾವಚಿತ್ರ, ನಿಸರ್ಗಚಿತ್ರ ಬರೆದುಕೊಂಡು, ಪಾಠ ಹೇಳಿಕೊಂಡು ಇರಬಹುದಿತ್ತು. ಆದರೆ ಕಣ್ಣಿಗೆ ಕಂಡದ್ದನ್ನು ತಪ್ಪಿಲ್ಲದೆ ಬರೆದರೆ ಚಿತ್ರವಾಯಿತೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಪ್ಯಾರಿಸ್ಸಿನಲ್ಲಿ ಕಲಿತು ಬಂದಿದ್ದ ಅಮೃತಾ ಶೇರ್‌ಗಿಲ್ ಅಜಂತಾ ನೋಡಿ, ದಕ್ಷಿಣವನ್ನು ಸುತ್ತಿ, 1937ರಲ್ಲಿ ಇಲ್ಲಿನ ಜನರನ್ನು ಚಿತ್ರಿಸಿದ್ದರು. ಆಕೆಯ ಕೆಲಸ ಹೆಬ್ಬಾರರನ್ನು ಕಲಕಿತು. ಜೈನ ಹಸ್ತಪ್ರತಿಗಳ ಚಿತ್ರಗಳನ್ನು, ಅಜಂತಾದ ಗೋಡೆಗಳನ್ನು ಅವರು ಹೊಸ ಕಣ್ಣಿನಿಂದ ನೋಡತೊಡಗಿದರು. ಅಲ್ಲಿ ನೆರಳಿಗಿಂತ ರೇಖೆಯೇ ದೊಡ್ಡದು.

ಡಿಪ್ಲೊಮಾ ಪಡೆದು, ಐದು ವರ್ಷ ಪಾಠ ಹೇಳಿದ ಮೇಲೂ ಅವರು ಮತ್ತೆ ವಿದ್ಯಾರ್ಥಿಯಾದರು. 1949-50ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್ ಸೇರಿದರು. ಆಗ ವಯಸ್ಸು ನಲವತ್ತರ ಹತ್ತಿರ. ಅದಕ್ಕಿಂತ ಸೋಜಿಗದ ಸಂಗತಿಯೆಂದರೆ, ಲಯವೆಂದರೇನೆಂದು ತಿಳಿಯಲು ಪಂಡಿತ್ ಸುಂದರ್ ಪ್ರಸಾದ್ ಅವರ ಬಳಿ ಎರಡು ವರ್ಷ ಕಥಕ್ ಕಲಿತರು. ವೇದಿಕೆ ಏರುವ ಹಂಬಲ ಅವರಿಗಿರಲಿಲ್ಲ. ನರ್ತಕಿಯ ಮೈ ತಿರುಗುವಾಗ ಭಾರ ಯಾವ ಕಾಲಿನ ಮೇಲೆ ಬೀಳುತ್ತದೆ, ಕೈ ಎಲ್ಲಿಂದ ಹೊರಡುತ್ತದೆ ಎಂಬುದು ನೋಡುವವನಿಗಿಂತ ಕುಣಿಯುವವನಿಗೆ ಚೆನ್ನಾಗಿ ಗೊತ್ತು. ಎಷ್ಟು ಜನ ಮೇಷ್ಟ್ರುಗಳು ತಮ್ಮ ವಿಷಯಕ್ಕಾಗಿ ಇಷ್ಟು ದೂರ ಹೋಗಿಯಾರು?

ಅದರ ಫಲ 1964ರಲ್ಲಿ ಬಂದ ಅವರ ರೇಖಾಚಿತ್ರಗಳ ಪುಸ್ತಕ, ‘ದಿ ಸಿಂಗಿಂಗ್ ಲೈನ್’. ಹಾಡುವ ರೇಖೆ ಎನ್ನಬಹುದು. ಅವರ ಇಂಥ ಚಿತ್ರಗಳಲ್ಲಿ ನರ್ತಕಿಯೋ ವಾದಕನೋ ಕೆಲವೇ ಗೆರೆಗಳಲ್ಲಿ ಎದ್ದು ನಿಲ್ಲುತ್ತಾರೆ. ಕಣ್ಣು, ಮೂಗು ಬಿಡಿಸದಿದ್ದರೂ ಕುಣಿತದ ವೇಗ ಕಾಣುತ್ತದೆ. ಗೆರೆ ಒಂದೆಡೆ ತೆಳ್ಳಗೆ, ಇನ್ನೊಂದೆಡೆ ದಪ್ಪ. ಹಾಡುಗಾರನ ದನಿ ಏರಿಳಿದ ಹಾಗೆ. ಅವರ ತೈಲವರ್ಣದ ಕೃತಿಗಳೂ ದೊಡ್ಡವೇ. ಹಸಿವು, ಬಡತನ, ಯುದ್ಧದ ನಾಶ ಅವುಗಳಲ್ಲಿ ಬಂದಿವೆ. ಆದರೂ ಹೆಬ್ಬಾರರು ಯಾರೆಂದು ಅರಿಯಲು ಮೊದಲು ನೋಡಬೇಕಾದದ್ದು ಈ ರೇಖೆಗಳನ್ನೇ.

ಗೌರವಗಳಿಗೆ ಕೊರತೆಯಾಗಲಿಲ್ಲ. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ. ಬದುಕೆಲ್ಲ ಮುಂಬಯಿಯಲ್ಲಿ ಕಳೆದರೂ ತಮ್ಮ ಆಯ್ದ ಕೃತಿಗಳನ್ನು ಅವರು ಕರ್ನಾಟಕಕ್ಕೆ ಕೊಟ್ಟರು. ಅವು ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯ ಸಂಗ್ರಹ ಸೇರಿದವು. ಅದಕ್ಕೆ ಹೆಸರಾದ ಕೆ. ವೆಂಕಟಪ್ಪನವರೂ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಚಿತ್ರ ಕಲಿತು, ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತವರು. ಒಬ್ಬರಿಗೆ ವೀಣೆ, ಇನ್ನೊಬ್ಬರಿಗೆ ಕಥಕ್. ಇಬ್ಬರ ಕೃತಿಗಳೂ ಒಂದೇ ಸೂರಿನಡಿ ಬಂದವು. ಹೆಬ್ಬಾರರು ತೀರಿಕೊಂಡದ್ದು 1996ರ ಮಾರ್ಚ್ 26ರಂದು, ಮುಂಬಯಿಯಲ್ಲಿ.