ಟೆನಿಸ್‌ನಲ್ಲಿ ಪಂಕ್ತಿಭೇದ



ಮದುವೆ ಮನೆಯ ಊಟ ಎಲ್ಲರಿಗೂ ಗೊತ್ತಿರುವುದೇ. ಅಡುಗೆ ಒಂದೇ, ಎಲೆಯೂ ಒಂದೇ, ಬಡಿಸುವವರೂ ಅವರೇ. ಆದರೆ ಮೊದಲ ಪಂಕ್ತಿಯಲ್ಲಿ ಕುಳಿತವರು ಯಾರು, ಕೊನೆಯ ಪಂಕ್ತಿಯವರೆಗೆ ಕಾದವರು ಯಾರು ಎಂಬುದರಲ್ಲಿ ಆ ಮನೆಯ ಲೆಕ್ಕಾಚಾರ ತಿಳಿದುಬಿಡುತ್ತದೆ. ವೃತ್ತಿಪರ ಟೆನಿಸ್‌ನಲ್ಲಿ ಮಹಿಳೆಯರ ಪರಿಸ್ಥಿತಿ ಇಂದು ಹೆಚ್ಚುಕಡಿಮೆ ಹೀಗೆಯೇ ಇದೆ. ಎಲೆಯ ಮೇಲೆ ಬಡಿಸುವುದು, ಅಂದರೆ ಬಹುಮಾನದ ಹಣ, ನಾಲ್ಕು ದೊಡ್ಡ ಗ್ರ್ಯಾಂಡ್ ಸ್ಲಾಮ್ ಟೂರ್ನಿಗಳಲ್ಲಿ ಈಗ ಸಮಾನವಾಗಿದೆ. ಪಂಕ್ತಿ ಮಾತ್ರ ಇನ್ನೂ ಬೇರೆಯೇ.

2019ರ ಜೂನ್ 7ರ ಶುಕ್ರವಾರ ಪ್ಯಾರಿಸ್ಸಿನ ರೋಲ್ಯಾಂಡ್ ಗ್ಯಾರೋಸ್ ಕ್ರೀಡಾಂಗಣದಲ್ಲಿ ನಡೆದದ್ದನ್ನು ನೋಡಿ. ಫ್ರೆಂಚ್ ಓಪನ್ ಟೂರ್ನಿಯ ಮಹಿಳೆಯರ ಸೆಮಿಫೈನಲ್ ಪಂದ್ಯಗಳು ಹಿಂದಿನ ದಿನ ಮುಖ್ಯ ಅಂಕಣದಲ್ಲಿ ನಡೆಯಬೇಕಾಗಿತ್ತು. ಬುಧವಾರ ದಿನವಿಡೀ ಮಳೆ ಸುರಿದದ್ದರಿಂದ ವೇಳಾಪಟ್ಟಿ ಏರುಪೇರಾಯಿತು. ಸಂಘಟಕರು ಕಂಡುಕೊಂಡ ದಾರಿ ಎಂದರೆ, ಮಹಿಳೆಯರ ಎರಡೂ ಸೆಮಿಫೈನಲ್‌ಗಳನ್ನು ಶುಕ್ರವಾರ ಬೆಳಿಗ್ಗೆ 11 ಗಂಟೆಗೆ, ಏಕಕಾಲದಲ್ಲಿ, ಎರಡನೇ ಮತ್ತು ಮೂರನೇ ಅಂಕಣಗಳಲ್ಲಿ ಆಡಿಸುವುದು! ಸುಮಾರು 15 ಸಾವಿರ ಆಸನಗಳ ಫಿಲಿಪ್ ಶಾಟ್ರಿಯೆ ಅಂಕಣ ಪುರುಷರ ಸೆಮಿಫೈನಲ್‌ಗಳಿಗೆ ಮೀಸಲಾಯಿತು. ಆಸ್ಟ್ರೇಲಿಯಾದ ಆ್ಯಶ್ಲಿ ಬಾರ್ಟಿ ಮತ್ತು 17 ವರ್ಷದ ಅಮೆರಿಕನ್ ಹುಡುಗಿ ಅಮಾಂಡಾ ಅನಿಸಿಮೋವಾ ಸುಜಾನ್ ಲೆಂಗ್ಲೆನ್ ಅಂಕಣಕ್ಕೆ ಹೋದರು. ಬ್ರಿಟನ್ನಿನ ಜೊಹಾನ್ನಾ ಕೊಂಟಾ ಮತ್ತು ಝೆಕ್ ದೇಶದ ಮಾರ್ಕೆಟಾ ವೊಂಡ್ರೊಸೋವಾ ಪಾಲಿಗೆ ಬಂದದ್ದು 5 ಸಾವಿರ ಆಸನಗಳ ಸಿಮೊನ್ ಮ್ಯಾಥ್ಯೂ ಅಂಕಣ. ಆಟ ಆರಂಭವಾದಾಗ ಎದ್ದುಕಂಡದ್ದು ಖಾಲಿ ಕುರ್ಚಿಗಳು.

ಮಹಿಳಾ ಟೆನಿಸ್ ಸಂಸ್ಥೆಯ ಅಂದಿನ ಮುಖ್ಯಸ್ಥ ಸ್ಟೀವ್ ಸೈಮನ್ ಇದು ಅನ್ಯಾಯ, ಅನುಚಿತ ಎಂದರು. ವಿಶ್ವದ ಅಗ್ರಸ್ಥಾನದಲ್ಲಿದ್ದ ಫ್ರಾನ್ಸಿನ ಮಾಜಿ ಆಟಗಾರ್ತಿ ಅಮೆಲಿ ಮೊರೆಸ್ಮೊ ಇದು ನಾಚಿಕೆಗೇಡು ಎಂದು ಕಟುವಾಗಿ ಟೀಕಿಸಿದರು. ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಮತ್ತೆ ಬರುತ್ತದೆ.

ಅಂಕಣ ಎಂದರೆ ಬರೀ ನೆಲವಲ್ಲ

ಆಡುವುದಕ್ಕೆ ಯಾವ ಅಂಕಣವಾದರೇನು, ಎಲ್ಲದರ ಉದ್ದಗಲವೂ ಒಂದೇ ಅಲ್ಲವೇ ಎಂದು ಕೇಳುವವರುಂಟು. ಗೆರೆಗಳ ನಡುವಿನ ಜಾಗ ಒಂದೇ ನಿಜ. ಆದರೆ ಮುಖ್ಯ ಅಂಕಣಕ್ಕೆ ಹೆಚ್ಚಿನ ಪ್ರೇಕ್ಷಕರಿದ್ದಾರೆ, ಹೆಚ್ಚಿನ ಕ್ಯಾಮೆರಾಗಳಿವೆ. ದೂರದರ್ಶನದ ಮುಖ್ಯ ಪ್ರಸಾರ ಅಲ್ಲಿಂದಲೇ ಹೊರಡುತ್ತದೆ. ಆಟಗಾರ್ತಿಯ ಅಂಗಿಯ ಮೇಲೆ ಹೆಸರು ಹಾಕಿಸುವ ಕಂಪೆನಿ ಹಣ ಕೊಡುವುದು ಅವಳು ಎಷ್ಟು ಜನರಿಗೆ ಕಾಣಿಸುತ್ತಾಳೆ ಎಂಬ ಲೆಕ್ಕದ ಮೇಲೆ. ಮಳೆ ಬಂದಾಗ ಮೇಲ್ಛಾವಣಿಯಿರುವ ಅಂಕಣದಲ್ಲಿ ಪಂದ್ಯ ಮುಂದುವರಿಯುತ್ತದೆ. ಉಳಿದವರು ಕಾಯುತ್ತಾರೆ, ಮರುದಿನ ದಣಿದ ಮೈಯಲ್ಲಿ ಆಡುತ್ತಾರೆ. ಹೀಗೆ ಅಂಕಣದ ಹಂಚಿಕೆ ಎಂಬುದು ಸಂಬಳದ ಚೀಟಿಯಲ್ಲಿ ಕಾಣಿಸದ ಒಂದು ಸಂಬಳ.

ಹೆಸರುಗಳ ವಿಚಾರವೂ ಸ್ವಾರಸ್ಯಕರವಾಗಿದೆ. ಪ್ಯಾರಿಸ್ಸಿನಲ್ಲಿ ಎರಡನೇ ಮತ್ತು ಮೂರನೇ ಅಂಕಣಗಳಿಗೆ ಮಹಿಳೆಯರ ಹೆಸರಿದೆ; ಮೊದಲನೆಯದಕ್ಕೆ ಟೆನಿಸ್ ಆಡಳಿತಗಾರನೊಬ್ಬನ ಹೆಸರು. ಮೆಲ್ಬರ್ನ್‌ನ ಮುಖ್ಯ ಅಂಕಣ ರಾಡ್ ಲೇವರ್ ಹೆಸರಿನಲ್ಲಿದೆ. ಸಿಂಗಲ್ಸ್‌ನಲ್ಲಿ 24 ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ಗೆದ್ದ ಮಾರ್ಗರೆಟ್ ಕೋರ್ಟ್ ಅವರ ಹೆಸರು ಅದಕ್ಕಿಂತ ಚಿಕ್ಕದಕ್ಕೆ. ನ್ಯೂಯಾರ್ಕ್‌ನಲ್ಲಿ ಇಡೀ ಆವರಣಕ್ಕೆ 2006ರಲ್ಲಿ ಬಿಲ್ಲಿ ಜೀನ್ ಕಿಂಗ್ ಹೆಸರಿಟ್ಟರು. ಮುಖ್ಯ ಅಂಕಣದ ಹೆಸರು ಆರ್ಥರ್ ಆ್ಯಷ್. ವಿಂಬಲ್ಡನ್ನಿನದು ಬರೀ ಸೆಂಟರ್ ಕೋರ್ಟ್. ಆದರೆ ಆ ಸೆಂಟರ್ ಕೋರ್ಟ್ ಅಷ್ಟು ದೊಡ್ಡದಾಗಿ ಎದ್ದುನಿಂತದ್ದರಲ್ಲಿ ಒಬ್ಬ ಹೆಣ್ಣುಮಗಳ ಪಾತ್ರ ಬಹಳ ದೊಡ್ಡದು.

ಜನರನ್ನು ಕರೆತಂದವಳು

ವಿಂಬಲ್ಡನ್ ಟೂರ್ನಿ ಆರಂಭವಾದದ್ದು 1877ರಲ್ಲಿ, ಪುರುಷರಿಗೆ ಮಾತ್ರ. ಮಹಿಳೆಯರಿಗೆ ಪ್ರವೇಶ ಸಿಗಲು ಏಳು ವರ್ಷ ಬೇಕಾಯಿತು. 1884ರಲ್ಲಿ 13 ಮಂದಿ ಸ್ಪರ್ಧಿಸಿದರು. ಮಾಡ್ ವಾಟ್ಸನ್ ತನ್ನ ಅಕ್ಕ ಲಿಲಿಯನ್‌ರನ್ನೇ ಸೋಲಿಸಿ ಮೊದಲ ಚಾಂಪಿಯನ್ ಆದಳು.

ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಫ್ರಾನ್ಸಿನಿಂದ ಸುಜಾನ್ ಲೆಂಗ್ಲೆನ್ ಎಂಬ ಇಪ್ಪತ್ತು ವರ್ಷದ ಯುವತಿ ಬಂದಳು. ಅಂದಿನ ಹೆಂಗಸರು ಬಿಗಿಯಾದ ಒಳಕವಚ ತೊಟ್ಟು, ಕಾಲು ಮುಚ್ಚುವ ಲಂಗದಲ್ಲಿ ಆಡುತ್ತಿದ್ದರೆ, ಈಕೆ ಹಗುರವಾದ ಗಿಡ್ಡ ಉಡುಪಿನಲ್ಲಿ ನೃತ್ಯಗಾತಿಯಂತೆ ಹಾರಿ ಆಡಿದಳು. ಏಳು ಸಲ ಗೆದ್ದಿದ್ದ ಡೊರೊಥಿಯಾ ಲ್ಯಾಂಬರ್ಟ್ ಚೇಂಬರ್ಸ್ ವಿರುದ್ಧ ದೊರೆ ಐದನೇ ಜಾರ್ಜ್ ಮತ್ತು ರಾಣಿಯ ಎದುರು 10–8, 4–6, 9–7ರಲ್ಲಿ ಜಯಿಸಿದಳು. ಅಲ್ಲಿಂದ ಮುಂದೆ ಅವಳನ್ನು ನೋಡಲು ಜನ ಮುಗಿಬಿದ್ದರು. ವೋರ್ಪಲ್ ರಸ್ತೆಯ ಹಳೆಯ ಮೈದಾನದಲ್ಲಿ ನಿಲ್ಲಲೂ ಜಾಗ ಸಾಲದಾಯಿತು. 1922ರಲ್ಲಿ ವಿಂಬಲ್ಡನ್ ಚರ್ಚ್ ರಸ್ತೆಯ ಈಗಿನ ವಿಶಾಲ ಜಾಗಕ್ಕೆ ಹೋದಾಗ ಅದರ ಹಿಂದಿನ ದೊಡ್ಡ ಕಾರಣಗಳಲ್ಲಿ ಲೆಂಗ್ಲೆನ್ ಜನಪ್ರಿಯತೆಯೂ ಒಂದು. ಆ ವರ್ಷವೂ ಅವಳೇ ಗೆದ್ದಳು. ಒಟ್ಟು ಆರು ಸಲ ಅಲ್ಲಿ ಸಿಂಗಲ್ಸ್ ಪ್ರಶಸ್ತಿ ಅವಳದಾಯಿತು.

ಮಹಿಳೆಯರ ಪಂದ್ಯಕ್ಕೆ ಜನ ಬರುವುದಿಲ್ಲ ಎಂಬ ಮಾತು ಅಂದರೆ ಹೊಸ ಸೆಂಟರ್ ಕೋರ್ಟ್‌ನ ಮೊದಲ ದಿನಗಳಲ್ಲೇ ಸುಳ್ಳಾಗಿತ್ತು.

ಆದರೂ ಆ ಮಾತು ಸಾಯಲಿಲ್ಲ. 1970ರಲ್ಲಿ ಲಾಸ್ ಏಂಜಲೀಸ್‌ನ ಪೆಸಿಫಿಕ್ ಸೌತ್‌ವೆಸ್ಟ್ ಟೂರ್ನಿಯಲ್ಲಿ ಪುರುಷರ ವಿಜೇತನಿಗೆ 12,500 ಡಾಲರ್, ಮಹಿಳೆಯರ ವಿಜೇತೆಗೆ 1,500 ಡಾಲರ್ ಎಂದು ಘೋಷಣೆಯಾಯಿತು. ಬಿಲ್ಲಿ ಜೀನ್ ಕಿಂಗ್ ಸೇರಿದಂತೆ ಒಂಬತ್ತು ಆಟಗಾರ್ತಿಯರು ಅದನ್ನು ಧಿಕ್ಕರಿಸಿ, ಪತ್ರಿಕಾ ಸಂಪಾದಕಿ ಗ್ಲ್ಯಾಡಿಸ್ ಹೆಲ್ಡ್‌ಮನ್ ನೆರವಿನಿಂದ ತಲಾ ಒಂದು ಡಾಲರಿನ ಕರಾರಿಗೆ ಸಹಿ ಹಾಕಿ, ಹ್ಯೂಸ್ಟನ್ ನಗರದ ಒಂದು ಕ್ಲಬ್ಬಿನಲ್ಲಿ ತಮ್ಮದೇ ಟೂರ್ನಿ ಆಡಿದರು. ಅಮೆರಿಕದ ಟೆನಿಸ್ ಸಂಸ್ಥೆ ಅವರನ್ನು ಅಮಾನತುಗೊಳಿಸಿತು. ಇದ್ದ ಅಂಗಳದಲ್ಲಿ ಜಾಗ ಕೊಡದಿದ್ದಾಗ ಬೇರೆ ಅಂಗಳವನ್ನೇ ಕಟ್ಟಿಕೊಂಡ ಕಥೆ ಇದು. ಇಂದಿನ ಮಹಿಳಾ ಟೆನಿಸ್ ಸಂಸ್ಥೆ 1973ರಲ್ಲಿ ಹುಟ್ಟಿದ್ದು ಈ ಬೇರಿನಿಂದಲೇ. ಅದೇ ವರ್ಷ ಯುಎಸ್ ಓಪನ್ ಸಮಾನ ಬಹುಮಾನ ಕೊಟ್ಟಿತು.

1973ರ ಸೆಪ್ಟೆಂಬರ್ 20ರಂದು ಅದೇ ಹ್ಯೂಸ್ಟನ್ನಿನ ಆಸ್ಟ್ರೋಡೋಮ್‌ನಲ್ಲಿ ಕಿಂಗ್, 55 ವರ್ಷದ ಮಾಜಿ ಚಾಂಪಿಯನ್ ಬಾಬ್ಬಿ ರಿಗ್ಸ್‌ನನ್ನು ಮೂರು ನೇರ ಸೆಟ್‌ಗಳಲ್ಲಿ ಸೋಲಿಸಿದಾಗ ನೋಡಿದವರು 30,472 ಜನ. ಟೆನಿಸ್ ಪಂದ್ಯವೊಂದಕ್ಕೆ ಅಷ್ಟು ಜನ ಸೇರಿದ ಆ ದಾಖಲೆಯನ್ನು 2010ರಲ್ಲಿ ಮುರಿದದ್ದು ಬ್ರಸೆಲ್ಸ್‌ನಲ್ಲಿ ನಡೆದ ಕಿಮ್ ಕ್ಲೈಸ್ಟರ್ಸ್–ಸೆರೆನಾ ವಿಲಿಯಮ್ಸ್ ಪ್ರದರ್ಶನ ಪಂದ್ಯ. ಅಂದು ಬಂದವರು 35,681 ಮಂದಿ. ಎರಡೂ ಕಡೆ ಜನರನ್ನು ಕರೆತಂದದ್ದು ಮಹಿಳೆಯರು.

ರಾತ್ರಿಯ ಬಾಗಿಲು

2007ರಲ್ಲಿ ವಿಂಬಲ್ಡನ್ ಕೂಡ ಸಮಾನ ಬಹುಮಾನಕ್ಕೆ ಒಪ್ಪಿದ ಮೇಲೆ ವಿವಾದ ಮುಗಿಯಿತೆಂದು ಹಲವರು ಭಾವಿಸಿದರು. ಆದರೆ 2011ರಲ್ಲಿ, ಆ ವೇಳೆಗೆ ಇಬ್ಬರೂ ಸೇರಿ ಒಂಬತ್ತು ವಿಂಬಲ್ಡನ್ ಸಿಂಗಲ್ಸ್ ಪ್ರಶಸ್ತಿ ಗೆದ್ದಿದ್ದ ವೀನಸ್ ಮತ್ತು ಸೆರೆನಾ ವಿಲಿಯಮ್ಸ್ ಸೋದರಿಯರನ್ನು ಎರಡನೇ ಅಂಕಣಕ್ಕೆ ಕಳುಹಿಸಲಾಯಿತು. ಅಗ್ರ ಪುರುಷ ಆಟಗಾರರನ್ನು ಹೀಗೆ ಕಳುಹಿಸುತ್ತೀರಾ ಎಂದು ಸೆರೆನಾ ನೇರವಾಗಿಯೇ ಕೇಳಿದಳು. ಬೆಂಗಳೂರಿನವರಿಗೂ ಈ ಅಕ್ಕತಂಗಿಯರು ಅಪರಿಚಿತರಲ್ಲ. 2008ರ ಮಾರ್ಚ್‌ನಲ್ಲಿ ಕಬ್ಬನ್ ಪಾರ್ಕಿನ ಟೆನಿಸ್ ಕ್ರೀಡಾಂಗಣದಲ್ಲಿ ಇಬ್ಬರೂ ಸೆಮಿಫೈನಲ್‌ನಲ್ಲಿ ಎದುರಾಗಿ, ತಂಗಿ ಗೆದ್ದು, ಆ ಬೆಂಗಳೂರು ಓಪನ್ ಪ್ರಶಸ್ತಿಯನ್ನೂ ಒಯ್ದಿದ್ದಳು.

ಈಗ ವಿವಾದದ ಕೇಂದ್ರ ಮತ್ತೆ ಪ್ಯಾರಿಸ್. ಅಲ್ಲಿ 2021ರಲ್ಲಿ ರಾತ್ರಿಯ ಪಂದ್ಯಗಳು ಆರಂಭವಾದವು. ಮುಖ್ಯ ಅಂಕಣದಲ್ಲಿ ರಾತ್ರಿ ಒಂದೇ ಪಂದ್ಯ. ಅದಕ್ಕೆ ಪ್ರತ್ಯೇಕ ಟಿಕೆಟ್, ಪ್ರತ್ಯೇಕ ಪ್ರಸಾರ ಒಪ್ಪಂದ. ಕೆಲಸ ಮುಗಿಸಿ ಮನೆಗೆ ಬಂದ ಜನ ಟಿ.ವಿ. ಮುಂದೆ ಕೂರುವ ಹೊತ್ತು ಅದು. 2022ರಲ್ಲಿ ಅಂಥ ಹತ್ತು ರಾತ್ರಿಗಳಲ್ಲಿ ಮಹಿಳೆಯರಿಗೆ ಸಿಕ್ಕಿದ್ದು ಒಂದು. 2023ರಲ್ಲೂ ಒಂದೇ. 2024 ಮತ್ತು 2025ರಲ್ಲಿ ಒಂದೂ ಇಲ್ಲ.

2022ರಿಂದ ಟೂರ್ನಿಯ ನಿರ್ದೇಶಕಿ ಯಾರು ಗೊತ್ತೇ? 2019ರಲ್ಲಿ ನಾಚಿಕೆಗೇಡು ಎಂದು ಗುಡುಗಿದ್ದ ಅದೇ ಅಮೆಲಿ ಮೊರೆಸ್ಮೊ. ಈಗಿನ ಕಾಲದಲ್ಲಿ ಪುರುಷರ ಪಂದ್ಯಗಳಿಗೇ ಆಕರ್ಷಣೆ ಹೆಚ್ಚು ಎಂದು ಆ ವರ್ಷ ಹೇಳಿ, ಟೀಕೆ ಬಂದಾಗ ಕ್ಷಮೆ ಕೇಳಿದರು. ಮಹಿಳೆಯರಿಗೆ ಅರ್ಹತೆಯಿಲ್ಲ ಎಂದಲ್ಲ, ಪಂದ್ಯ ಬೇಗ ಮುಗಿಯುವುದೇ ತೊಡಕು ಎಂಬುದು ಅವರ ನಂತರದ ಸಮರ್ಥನೆ. ಅವರೊಬ್ಬರನ್ನೇ ದೂರಿ ಫಲವಿಲ್ಲ. ಕುರ್ಚಿಯಲ್ಲಿ ಹೆಣ್ಣೇ ಕುಳಿತರೂ ಕುರ್ಚಿಯ ಲೆಕ್ಕ ಬದಲಾಗದಿದ್ದರೆ ಆಗುವುದು ಹೀಗೆಯೇ. 2025ರಲ್ಲಿ ಟುನೀಸಿಯಾದ ಆಟಗಾರ್ತಿ ಆನ್ಸ್ ಜಬೂರ್, ಇಂಥ ತೀರ್ಮಾನ ಮಾಡುವವರಿಗೆ ಹೆಣ್ಣುಮಕ್ಕಳಿಲ್ಲವೆಂದು ತೋರುತ್ತದೆ ಎಂದು ನೊಂದು ನುಡಿದಳು. ಅದೇ ವರ್ಷ 361ನೇ ಶ್ರೇಯಾಂಕದ ಫ್ರೆಂಚ್ ಹುಡುಗಿ ಲೋಯಿಸ್ ಬೊಯ್ಸಾನ್ ಮೂರನೇ ಮತ್ತು ಆರನೇ ಶ್ರೇಯಾಂಕದವರನ್ನು ಸೋಲಿಸಿ ಸೆಮಿಫೈನಲ್ ತಲುಪಿದಾಗ ಇಡೀ ಫ್ರಾನ್ಸ್ ಸಂಭ್ರಮಿಸಿತು. ಆದರೆ ಅವಳಿಗೂ ರಾತ್ರಿಯ ಬಾಗಿಲು ತೆರೆಯಲಿಲ್ಲ.

ಸಂಘಟಕರ ವಾದವನ್ನು ತಳ್ಳಿಹಾಕುವ ಮೊದಲು ಕೇಳಬೇಕು. ಗ್ರ್ಯಾಂಡ್ ಸ್ಲಾಮ್‌ನಲ್ಲಿ ಪುರುಷರದು ಐದರಲ್ಲಿ ಮೂರು ಸೆಟ್ ಗೆಲ್ಲುವ ಆಟ, ಮಹಿಳೆಯರದು ಮೂರರಲ್ಲಿ ಎರಡು. ದುಬಾರಿ ಟಿಕೆಟ್ ಕೊಂಡವನಿಗೆ ಒಂದು ಗಂಟೆಯಲ್ಲೇ ಆಟ ಮುಗಿದರೆ ಬೇಸರವಾಗುವುದು ಸಹಜ. ಆದರೆ ಇದಕ್ಕೆ ಪರಿಹಾರ ಬೇರೆಡೆ ಈಗಾಗಲೇ ಇದೆ. ನ್ಯೂಯಾರ್ಕ್ ಮತ್ತು ಮೆಲ್ಬರ್ನ್‌ನಲ್ಲಿ ರಾತ್ರಿ ಸಾಮಾನ್ಯವಾಗಿ ಎರಡು ಪಂದ್ಯ: ಒಂದು ಮಹಿಳೆಯರದು, ಒಂದು ಪುರುಷರದು. ಕೆಲವೊಮ್ಮೆ ಆಟ ಮಧ್ಯರಾತ್ರಿ ದಾಟುತ್ತದೆ ಎಂಬ ತೊಂದರೆಯಿದೆ. ಸ್ವಲ್ಪ ಮುಂಚೆ ಆರಂಭಿಸಿದರೆ ಅದೂ ತಗ್ಗುತ್ತದೆ. ಇನ್ನು ಮಹಿಳೆಯರು ಐದು ಸೆಟ್ ಆಡಲಾರರು ಎಂಬ ಮಾತಿಗೂ ಆಧಾರವಿಲ್ಲ. 1984ರಿಂದ 1998ರವರೆಗೆ ನ್ಯೂಯಾರ್ಕ್‌ನಲ್ಲಿ ನಡೆದ ವರ್ಷಾಂತ್ಯದ ಮಹಿಳಾ ಚಾಂಪಿಯನ್‌ಷಿಪ್‌ನ ಫೈನಲ್ ಐದು ಸೆಟ್‌ಗಳದ್ದೇ ಆಗಿತ್ತು. 1990ರಲ್ಲಿ ಮೋನಿಕಾ ಸೆಲೆಸ್ ಮತ್ತು ಗೇಬ್ರಿಯೆಲಾ ಸಬಾಟಿನಿ ಐದೂ ಸೆಟ್ ಆಡಿ ತೋರಿಸಿದರು.

ಉಳಿಯುವುದು ಜನಪ್ರಿಯತೆಯ ವಾದ. ಇದು ಬಾವಿಗೆ ಹಗ್ಗ ಬಿಡದೆ ನೀರಿಲ್ಲ ಎಂದಂತೆ. ಬೆಳಿಗ್ಗೆ ಹನ್ನೊಂದಕ್ಕೆ, ಜನ ಇನ್ನೂ ಬಂದಿರದ ಹೊತ್ತಿಗೆ ಆಡಿಸಿ, ಖಾಲಿ ಕುರ್ಚಿಗಳನ್ನು ತೋರಿಸಿ, ನೋಡಿ ಯಾರೂ ಬರಲಿಲ್ಲ ಎಂದರೆ ಅದು ಪುರಾವೆಯಾಗುವುದಿಲ್ಲ. ಕಾಣಿಸದವರನ್ನು ಜನ ಹೇಗೆ ಮೆಚ್ಚಿಯಾರು?

2019ರ ಆ ಬೆಳಿಗ್ಗೆ ಅನಿಸಿಮೋವಾ 0–5ರ ಹಿನ್ನಡೆಯಲ್ಲಿದ್ದರೂ ಮೊದಲ ಸೆಟ್ಟನ್ನು ಬಾರ್ಟಿಗೆ ಬಿಟ್ಟುಕೊಡಲಿಲ್ಲ. ಮೇಲೆದ್ದು ಬಂದು ಟೈಬ್ರೇಕ್‌ನಲ್ಲಿ ಗೆದ್ದಳು. ಬಾರ್ಟಿ ಮುಂದಿನ ಎರಡು ಸೆಟ್‌ಗಳನ್ನು 6–3, 6–3ರಲ್ಲಿ ಕಿತ್ತುಕೊಂಡು ಫೈನಲ್ ಸೇರಿದಳು, ಮರುದಿನ ಪ್ರಶಸ್ತಿಯನ್ನೂ ಗೆದ್ದಳು. ಅಂಥ ಪಂದ್ಯ ನಡೆದದ್ದು ಎರಡನೇ ಪಂಕ್ತಿಯಲ್ಲಿ. ಆ ಅಂಕಣದ ಹೆಸರು ಸುಜಾನ್ ಲೆಂಗ್ಲೆನ್ ಎಂಬುದನ್ನು ಮರೆಯಬಾರದು. ಒಂದು ಕಾಲಕ್ಕೆ ಯಾರನ್ನು ನೋಡಲು ಇದ್ದ ಮೈದಾನವೇ ಸಾಲದಾಗಿತ್ತೋ, ಆಕೆಯ ಹೆಸರಿನ ಅಂಕಣಕ್ಕೇ ಆಕೆಯ ವಾರಸುದಾರರನ್ನು ಬದಿಗೆ ಸರಿಸಲಾಗಿತ್ತು. ಗೋಡೆಯ ಮೇಲೆ ಹೆಸರು ಬರೆಸುವುದು ಗೌರವವೇ. ಆದರೆ ನಡುಮನೆಯಲ್ಲಿ ಎಲೆ ಹಾಕುವುದು ಅದಕ್ಕಿಂತ ದೊಡ್ಡ ಗೌರವ.